ಲಾರಿಯ ಮುಂದಿನ ಕಂಬಳಿ

ಹೊಳೆಯ ದಡದಲ್ಲೊಂದು ಮಠ. ಅಲ್ಲಿಂದ ಬೆಟ್ಟದ ಮೇಲಿನ ದಾಸೋಹಕ್ಕೆ ಲಾರಿಯಲ್ಲಿ ಅಕ್ಕಿ ಒಯ್ಯುವ ಸೇವೆ ಶಿಷ್ಯ ಕಲ್ಲೇಶಿಯದು. ಅವನಿಗೂ ಮುಂಚೆ ಆ ಲಾರಿ ಓಡಿಸುತ್ತಿದ್ದವನು ಅವನ ಅಣ್ಣ ದ್ಯಾಮಣ್ಣ. ಬೆಟ್ಟದ ದಾರಿಯ ಆಲದ ತಿರುವಿನಲ್ಲಿ ಎದೆ ಹಿಡಿದುಕೊಂಡು, ಲಾರಿಯೊಳಗೆ ಕೂತಲ್ಲೇ ತೀರಿಕೊಂಡಿದ್ದ.

ಒಂದು ಬೆಳಗ್ಗೆ ಕಲ್ಲೇಶಿ ಗುರುಗಳಾದ ಅಜ್ಜಯ್ಯನವರ ಮುಂದೆ ಬಂದು ನಿಂತ.

"ಅಜ್ಜಾರೆ, ಲಾರಿ ಬಯಲಲ್ಲಿ ತಣ್ಣಗಿರುತ್ತದೆ. ಬೆಟ್ಟ ಹತ್ತಿದರೆ ಕುದಿಯುತ್ತದೆ. ಆಲದ ತಿರುವಿಗೆ ಬಂದರೆ ನಿಲ್ಲಿಸಲೇಬೇಕು."

"ನೀರು?"

"ತುಂಬಿಯೇ ಇದೆ. ಪಂಪು, ಬೆಲ್ಟು ಎಲ್ಲ ಹೊಸದು. ಇನ್ನೊಮ್ಮೆ ಕುದಿಸಿದರೆ ಇಂಜಿನ್ನೇ ಹೋಗುತ್ತದೆ ಅಂದ ಗ್ಯಾರೇಜಿನ ಮೇಸ್ತ್ರಿ. ಮೇಲೆ ದಾಸೋಹದಲ್ಲಿ ನೋಡಿದರೆ ಅಕ್ಕಿ ಮುಗಿದಿದೆ."

"ನಿಂತಾಗ ಏನು ಮಾಡುತ್ತೀ?"

ಕಲ್ಲೇಶಿ ತಲೆ ತಗ್ಗಿಸಿದ. "ಅಣ್ಣ ಕರೆಯುತ್ತಾನೆ. ಕೇಳುತ್ತಾ ಕೂರುತ್ತೇನೆ."

"ಹಬೆಯ ಸದ್ದಿರಬಹುದು."

"ಹಬೆ ಹೆಸರು ಹಿಡಿದು ಕರೆಯುತ್ತದೆಯೇ ಅಜ್ಜಾರೆ?"

ಅಜ್ಜಯ್ಯ ಎದ್ದು ಲಾರಿಯ ಬಳಿ ಬಂದರು. ಮುಂದಿನ ಜಾಲರಿಗೆ ಕರಿ ಕಂಬಳಿಯೊಂದನ್ನು ಬಿಗಿಯಾಗಿ ಕಟ್ಟಿತ್ತು. ಅದರ ಮೇಲೆ ಕುಂಕುಮ.

"ಅಣ್ಣಂದು. ಅವನು ಮುಂದಿದ್ದರೆ ಕೆಟ್ಟ ಕಣ್ಣು ತಾಗುವುದಿಲ್ಲ ಅಂತ ಕಟ್ಟಿದೆ."

"ಇಂಜಿನ್ ಚಾಲೂ ಮಾಡು."

ಅಜ್ಜಯ್ಯ ಅರಳಿ ಎಲೆಯೊಂದನ್ನು ಕಂಬಳಿಗೆ ಹಿಡಿದು ಕೈ ಬಿಟ್ಟರು. ಎಲೆ ನೆಲಕ್ಕೆ ಬಿತ್ತು. ಕಂಬಳಿ ಬಿಚ್ಚಿ, ಅದೇ ಎಲೆಯನ್ನು ಜಾಲರಿಗೆ ಹಿಡಿದರು. ಒಳಗಿನ ಫ್ಯಾನು ಗಾಳಿ ಎಳೆಯಿತು. ಎಲೆ ಅಂಟಿಕೊಂಡಿತು.

"ಬಯಲಲ್ಲಿ ಅರೆ ಉಸಿರಿನಲ್ಲೂ ಓಡಬಹುದು. ಏರು ಹತ್ತಲು ತುಂಬು ಉಸಿರು ಬೇಕು."

ಕಲ್ಲೇಶಿ ಕಂಬಳಿಯ ತುದಿ ಹಿಡಿದ. "ಕುದಿಯದಿದ್ದರೆ ನಿಲ್ಲುವುದಿಲ್ಲ. ನಿಲ್ಲದಿದ್ದರೆ ಅಣ್ಣನ ದನಿ ಎಲ್ಲಿ ಕೇಳಲಿ?"

ಅಜ್ಜಯ್ಯ ಕಂಬಳಿಯನ್ನು ಮಡಿಸಿ ಲಾರಿ ಹತ್ತಿದರು. ಕಿಟಕಿ ಬದಿಯ ಜಾಗದಲ್ಲಿ ಅದನ್ನಿಟ್ಟು, ತಾವು ನಡುವೆ ಮುದುಡಿ ಕುಳಿತರು.

"ಹಾಯಾಗಿ ಕೂರಿ ಅಜ್ಜಾರೆ, ಜಾಗವಿದೆಯಲ್ಲ."

"ಮೂವರಿಗೆ ಇಷ್ಟೇ ಜಾಗ."

ಕಲ್ಲೇಶಿ ಕಿಟಕಿ ಬದಿಯ ಕಂಬಳಿಯತ್ತ ನೋಡಿ, ಲಾರಿ ಹೊರಡಿಸಿದ.

ಲಾರಿ ಏರು ಹತ್ತಿತು. ಬಿಸಿ ತೋರಿಸುವ ಮುಳ್ಳು ಇದ್ದಲ್ಲೇ ಇತ್ತು. ಆಲದ ತಿರುವು ಬಂತು. ಹಬೆಯಿಲ್ಲ. ಯಾರೂ ಕರೆಯಲಿಲ್ಲ.

ಆಚೆ ಬದಿಯ ಬಾಗಿಲು ತಾನಾಗಿ ತೆರೆಯಿತು. ತಣ್ಣನೆಯ ಗಾಳಿಯೊಂದು ಬೀಸಿತು. ಬಾಗಿಲು ಮೆಲ್ಲನೆ ಮುಚ್ಚಿಕೊಂಡಿತು.

ಕಲ್ಲೇಶಿ ಓರೆಗಣ್ಣಲ್ಲಿ ನೋಡಿದ. ಕಂಬಳಿ ಇರಲಿಲ್ಲ. ಅವನ ಕಾಲು ಬ್ರೇಕಿನ ಮೇಲೆ ಹೋಯಿತು.

"ನಿಲ್ಲಿಸಲೇ ಅಜ್ಜಾರೆ?"

ಅಜ್ಜಯ್ಯ ಕಿಟಕಿಯ ಕಡೆಗೆ ಸರಿದು, ಹಾಯಾಗಿ ಕುಳಿತರು.

"ಅವನ ಜಾಗ ಬಂತು, ಇಳಿದ. ನಮಗಿನ್ನೂ ಏರು ಇದೆ. ಗೇರು ಬದಲಿಸು."