ಸವತಿಯ ಹೆಸರು

“ಗುರುಗಳೇ, ಜ್ಞಾನ ತಪ್ಪಿ ಮಲಗಿದರೆ ನನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಈಗಲೇ ಪತ್ರ ಮಾಡಿಡುತ್ತಿದ್ದೇನೆ. ಆಗ ನನ್ನ ಪರವಾಗಿ ಮಾತಾಡಲು ಒಬ್ಬರ ಹೆಸರು ಬರೆಯಬೇಕಂತೆ. ನನ್ನನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸುವವರದೇ ಅಲ್ಲವೇ?” ಎಂದು ಶಿಷ್ಯೆ ಕೇಳಿದಳು.

ಗುರುಗಳು ಹೇಳಿದರು:

ಒಬ್ಬ ಎಣ್ಣೆ ವ್ಯಾಪಾರಿಗೆ ಇಬ್ಬರು ಹೆಂಡಿರು. ಹಿರಿಯಳಿಗೆ ಮೂರು ಗಂಡುಮಕ್ಕಳಾದ ಮೇಲೆ ಆ ಪುಣ್ಯಾತ್ಮ ಕಿರಿಯಳನ್ನು ಕರೆತಂದ. ಕಟ್ಟಿಕೊಂಡನೋ ಇಟ್ಟುಕೊಂಡನೋ, ತಾಳಿ ಕಟ್ಟಿದ್ದನ್ನು ಕಂಡವರಿಲ್ಲ. ತಾನು ಮಾತ್ರ ಬೇಗ ಸತ್ತು ಪಾರಾದ. ಇವರಿಬ್ಬರೂ ಒಂದೇ ಸೂರಿನಡಿ ಮೂವತ್ತು ವರ್ಷ ಹಾವು ಮುಂಗುಸಿ. ಹಿರಿಯಳು ಸವತಿಯನ್ನು ಬೈಯದೆ ಆ ಬೀದಿಗೆ ಬೆಳಗಾಗುತ್ತಿರಲಿಲ್ಲ.

ಒಂದು ದಿನ ಹಿರಿಯಳು ಪತ್ರ ಮಾಡಿಸಿದಳು. ಮತ್ತೆ ಏಳುವ ಆಸೆಯಿಲ್ಲವೆಂದು ವೈದ್ಯರು ಹೇಳಿದರೆ ಮೂಗಿಗೆ ನಳಿಕೆ ಬೇಡ, ಉಸಿರಿಗೆ ಯಂತ್ರ ಬೇಡ, ನನ್ನನ್ನು ಮನೆಗೆ ತನ್ನಿ. ಇಷ್ಟು ಹೇಳಿ, ತನ್ನ ಪರವಾಗಿ ಮಾತಾಡುವವಳೆಂದು ಸಾಕ್ಷಿಗಳ ಎದುರಿಗೇ ಸವತಿಯ ಹೆಸರು ಬರೆಸಿದಳು. ಊರಿಗೆ ಊರೇ ಮೂಗಿನ ಮೇಲೆ ಬೆರಳಿಟ್ಟಿತು. ಕಿರಿಯಳೂ ನಂಬಲಿಲ್ಲ; ಇದೂ ಒಂದು ಹೊಸ ಬೈಗುಳ ಇರಬೇಕೆಂದುಕೊಂಡಳು.

ಮರುವರ್ಷ ಹಿರಿಯಳು ಅಂಗಳದಲ್ಲಿ ಬಿದ್ದಳು. ಆಸ್ಪತ್ರೆಗೆ ಒಯ್ದರು. ತಲೆಯೊಳಗೆ ನರ ಒಡೆದಿತ್ತು. ಇನ್ನು ಏಳುವುದಿಲ್ಲ ಎಂದರು ವೈದ್ಯರು. ಮಕ್ಕಳು ಯಂತ್ರ ಹಾಕಿ ಎಂದು ಅವರ ಕಾಲು ಹಿಡಿದರು.

“ಅವ್ವ ಅದನ್ನು ಬರೆಸಿದ್ದು ಏನೋ ಕೋಪದಲ್ಲಿ, ಮನಸ್ಸಿನಿಂದಲ್ಲ” ಎಂದ ಹಿರಿಮಗ. “ಚಿಕ್ಕವ್ವ, ಅವಳು ಸತ್ತರೆ ಸಾಕೆಂದು ಕಾದವಳು ನೀನು.”

ಆ ಮನೆಯಲ್ಲಿ ಅದುವರೆಗೆ ಯಾರೂ ಕಿರಿಯಳನ್ನು ಒಂದು ಮಾತು ಕೇಳಿದ್ದಿಲ್ಲ. ಈಗ ವೈದ್ಯರು ಪತ್ರ ಹಿಡಿದು ಅವಳ ಬಾಯನ್ನೇ ನೋಡುತ್ತಿದ್ದರು. ಅವಳು ತಲೆಯೆತ್ತಿ ನಿಂತಳು.

“ಅಲ್ಲವೋ, ನಿಮ್ಮವ್ವನ ಕೋಪ ನಿಮಗೇನು ಗೊತ್ತು? ನೀವು ಉಂಡದ್ದು ತುಪ್ಪ, ಬೈಗುಳ ಉಂಡವಳು ನಾನು. ಆಡಿದ್ದನ್ನು ಒಮ್ಮೆಯಾದರೂ ಹಿಂದಕ್ಕೆ ತೆಗೆದುಕೊಂಡವಳೇ ಅವಳು? ನನ್ನನ್ನು ಮನೆಹಾಳಿ ಅಂದದ್ದು ಯಾವ ವಾರ, ಅವತ್ತು ಉಟ್ಟಿದ್ದ ಸೀರೆ ಯಾವುದು, ಎಲ್ಲ ಹೇಳುತ್ತೇನೆ ಬೇಕಾದರೆ. ಇದನ್ನೂ ಅವಳೇ ಅಂದಳು. ಒಂದಕ್ಷರ ಬದಲಿಸಲು ಬಿಡುವುದಿಲ್ಲ. ಮನೆಗೆ ಎತ್ತಿ.”

ಎತ್ತಿದರು. ಹಿರಿಯಳು ತನ್ನ ಪಡಸಾಲೆಯಲ್ಲಿ, ತನ್ನ ಮಂಚದ ಮೇಲೆ, ಯಜಮಾನಿಯಾಗಿಯೇ ಹೋದಳು. ಬಾಯಿಗೆ ಕೊನೆಯ ನೀರು ಬಿಟ್ಟವಳು ಕಿರಿಯಳು. ಅಳಲಿಲ್ಲ. ಬಂದ ನೆಂಟರಿಗೆಲ್ಲ, “ನನ್ನ ಹೆಸರನ್ನೇ ಬರೆಸಿದ್ದಳು” ಎಂದು ಮಾತ್ರ ಹೇಳಿದಳು.

ಶಿಷ್ಯೆ, “ಹಾಗಾದರೆ ನಾನು ಯಾರ ಹೆಸರು ಬರೆಯಲಿ?” ಎಂದಳು.

ಗುರುಗಳು ಕೇಳಿದರು: “ನೀನು ಬೈದದ್ದನ್ನು ಇನ್ನೂ ಮರೆಯದವರು ಯಾರಿದ್ದಾರೆ, ಮಗಳೇ?”