ಹೊನ್ನವ್ವನ ಉಬ್ಬೆ

ಮೈಸೂರಿನ ಮೇಲೆ ಯುದ್ಧ ಮಾಡಲು ಇಂಗ್ಲಿಷರು ಜರ್ಮನಿಯಿಂದ ಸಿಪಾಯಿಗಳನ್ನು ಬಾಡಿಗೆಗೆ ತಂದಿದ್ದ ಕಾಲ. ಅಂಥದೊಂದು ದಂಡು ಹೊನ್ನವ್ವನ ಊರಲ್ಲಿ ಬೀಡುಬಿಟ್ಟಿತು. ಕಪ್ತಾನ ಊರಿನ ರಾಗಿಯನ್ನೆಲ್ಲ ಕಿತ್ತುಕೊಂಡ. ಮೂರು ದಿನ ಸಿಪಾಯಿಗಳು ಮುದ್ದೆ ಉಂಡರು, ಊರವರು ನೀರು ಕುಡಿದರು.

ನಾಲ್ಕನೇ ದಿನ ಕಪ್ತಾನ ಮಡಿವಾಳರ ಹೊನ್ನವ್ವನನ್ನು ಕರೆಸಿ, ದುಬಾಷಿಯಿಂದ ಹೇಳಿಸಿದ: "ನಮ್ಮ ಉಣ್ಣೆ ಕೋಟುಗಳಲ್ಲಿ ಒಂದು ಕಲೆ ಉಳಿದರೂ ನಿನಗೆ ಛಡಿಯೇಟು."

ಕಂಬಳಿಯನ್ನು ಯಾವ ಮಡಿವಾಳರೂ ಉಬ್ಬೆಗೆ ಹಾಕುವುದಿಲ್ಲ. ಹೊನ್ನವ್ವ ಕೋಟುಗಳನ್ನೆಲ್ಲ ಉಬ್ಬೆಯ ಹಂಡೆಗೆ ತುಂಬಿ ದಿನವಿಡೀ ಬೇಯಿಸಿದಳು. ಕಲೆ ಹೋಯಿತು. ಉಣ್ಣೆ ಕುಗ್ಗಿ ಕೋಟಿನ ತೋಳು ಮೊಣಕೈಗೆ ಬಂತು. ಕಪ್ತಾನನ ಹೊಟ್ಟೆಯ ಮೇಲೆ ಒಂದು ಗುಂಡಿಯೂ ಕೂಡಲಿಲ್ಲ.

"ಏನು ಮಾಡಿದೆ?" ಎಂದು ಅವನು ಅರಚಿದ.

"ಬಟ್ಟೆ ಒಗೆದೆ, ಬುದ್ಧಿ. ಬೆಳೆದವರು ನೀವು. ನಮ್ಮ ರಾಗಿ ಹಂಗೇ. ಹೊಸಬರು ಉಂಡರೆ ಬೆಳೆಯೋದು ನಿಲ್ಲಲ್ಲ."

ಕಪ್ತಾನ ನಂಬದೆ ಸಿಪಾಯಿಗಳ ಕಡೆ ತಿರುಗಿದ. ಮುದ್ದೆಯನ್ನು ನುಂಗಬೇಕೆಂದು ತಿಳಿಯದೆ, ಮೂರು ದಿನ ಅಗಿದು ಅಗಿದು ಅವರ ದವಡೆ ಸೋತಿತ್ತು.

"ನಿಜ ಸಾಹೇಬರೆ," ಎಂದರು ಅವರು, "ಬೂಟೂ ಬಿಗಿಯಾಗುತ್ತಿದೆ."

ಸಂಜೆಯೊಳಗೆ ರಾಗಿ ಚೀಲಗಳು ಮನೆಮನೆಗೆ ವಾಪಸು ಬಂದವು. ತನ್ನವರ ಬಾಯಿಗೆ ಒಂದು ಕಾಳೂ ಬೀಳದಂತೆ ಕಪ್ತಾನನೇ ಕಾವಲು ನಿಂತಿದ್ದ.