ಒಲೆಗೆ ಹೊರಟ ಗಿಟಾರ್

ದಾವಣಗೆರೆಯ ಮದುವೆ ಛತ್ರದಲ್ಲಿ ಆರ್ಕೆಸ್ಟ್ರಾ ಶುರುವಾಗಬೇಕು. ಮದುಮಗಳ ಸೋದರಮಾವ ಕಂಟ್ರಾಕ್ಟರ್ ಚನ್ನವೀರಪ್ಪ ವೇದಿಕೆ ಹತ್ತಿ, ಆರ್ಕೆಸ್ಟ್ರಾದ ವಾದಕ ಸ್ಯಾಮ್ಸನ್ನನ ಎಲೆಕ್ಟ್ರಿಕ್ ಗಿಟಾರ್ ನೋಡಿ ಮುಖ ಸಿಂಡರಿಸಿದರು.

“ಎಂಟು ಸಾವಿರದ ಈ ಕಟ್ಟಿಗೆ ನಮ್ಮ ಮದುವೇಲಿ ಬೇಡ. ನಂದು ಎರಡು ಲಕ್ಷದ್ದು, ತಂದಿದೀನಿ. ಇದನ್ನ ನುಡಿಸು, ಇಲ್ಲ ಇಳಿದು ಹೋಗು.”

ಸ್ಯಾಮ್ಸನ್ ಆ ಎರಡು ಲಕ್ಷದ್ದನ್ನು ಮುಟ್ಟಿ ನೋಡಿದ. ಷೋಕೇಸಿನಲ್ಲೇ ಕೂತು ತಂತಿಗೆ ತುಕ್ಕು ಹಿಡಿದಿತ್ತು. ಒತ್ತಿದರೆ ಬೆರಳು ಕುಯ್ಯುವಂತಿತ್ತು.

“ಸಾಹೇಬ್ರೇ, ನಿಮಗೆ ಮುಟ್ಟಿದ್ರೇ ಬೆಲೆ ಗೊತ್ತಾಗ್ಬೇಕಲ್ಲ?”

“ಕಣ್ಣು ಮುಚ್ಚಿಕೊಂಡೇ ಹೇಳ್ತೀನಿ.” ಮುಚ್ಚಿಯೇಬಿಟ್ಟರು.

ಸ್ಯಾಮ್ಸನ್ ಮೊದಲು ತನ್ನ ಗಿಟಾರನ್ನೇ ಕೊಟ್ಟ. ಕಂಟ್ರಾಕ್ಟರು ತಂತಿ ಒತ್ತಿದರು. “ಬೆಣ್ಣೆ ಇದ್ದಂಗಿದೆ. ಇದೇ ನಂದು.”

ಅದನ್ನು ಇಸಕೊಂಡು ಎರಡು ಲಕ್ಷದ್ದನ್ನು ಕೊಟ್ಟ.

“ಥೂ, ಬೆರಳು ಕಿತ್ತು ಬರುತ್ತೆ. ಒಯ್ದು ಒಲೆಗೆ ಹಾಕು.”

“ಆಗಲಿ ಸಾಹೇಬ್ರೇ.”

ಅವರು ಕಣ್ಣು ಬಿಟ್ಟಾಗ ಎರಡು ಲಕ್ಷ ಸ್ಯಾಮ್ಸನ್ನನ ಹೆಗಲೇರಿ ಅಡುಗೆಮನೆ ಬಾಗಿಲಲ್ಲಿತ್ತು. “ಅಡುಗೆ ಅಣ್ಣಾ, ಸಾಹೇಬ್ರು ಕಟ್ಟಿಗೆ ಕಳಿಸಿದಾರೆ.”

ಕಂಟ್ರಾಕ್ಟರು ಪಂಚೆ ಎತ್ತಿಕೊಂಡು ಎದ್ದೆನೋ ಬಿದ್ದೆನೋ ಎಂದು ಓಡಿದರು.

ಆ ಸಂಜೆ ಎಂಟು ಸಾವಿರದ ಗಿಟಾರೇ ಹಾಡಿತು. ಕಂಟ್ರಾಕ್ಟರು ತಮ್ಮದನ್ನು ಅಪ್ಪಿಕೊಂಡು ಮೊದಲ ಸಾಲಿನಲ್ಲಿ ಕೂತಿದ್ದರು. ಕಣ್ಣು ಮಾತ್ರ ಅಡುಗೆಮನೆ ಕಡೆಗೇ ಇತ್ತು.